ಸೋರುವ ಮಾಳಿಗೆಗೂ ನೆರವು ಸಿಗಲಿ

ವಿಜಯಪುರ ಮಳೆ ಕಡಿಮೆ ಬೀಳುವ ಜಿಲ್ಲೆ. ಹಾಗಾಗಿಯೇ ಘೋಣಸಗಿ, ತಿಕೋಟಾ, ಬಬಲೇಶ್ವರ ಸುತ್ತಿನ ಹಳ್ಳಿಗಳಲ್ಲಿ ತೊಲೆ–ಜಂತಿಗಳ ಮೇಲೆ ಮಣ್ಣು ಹಾಕಿದ ಮಾಳಿಗೆ ಮನೆಗಳು ತಲೆಮಾರುಗಳ ಕಾಲ ಬಾಳಿವೆ. ಒಂದೆರಡು ತಾಸು ಸುರಿದು ಹೋಗುವ ಮಳೆಯನ್ನು ಅವು ತಡೆಯುತ್ತವೆ. ದಿನಗಟ್ಟಲೆ ಹಿಡಿದು ಬಿಡದ ಮಳೆಯನ್ನು ತಡೆಯಲಾರವು. ನೀರು ಮೊದಲು ಇಳಿಯುವುದು ಬೆಳಕಿಂಡಿಯ ಸುತ್ತ ಮತ್ತು ಗೋಡೆ–ಮಾಳಿಗೆ ಕೂಡುವ ಅಂಚಿನಲ್ಲಿ. ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹಾಕಿದರೆ ಭಾರ ಏರುತ್ತದೆ, ತೇವ ಹಿಡಿದ ಜಂತಿ ಒಳಗಿಂದ ಕೊಳೆಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇಂಥ ಅಸಂಖ್ಯ ಮನೆಗಳು ಕುಸಿದವು.

ನಮ್ಮ ಪರಿಹಾರದ ನಿಯಮಗಳು ಮನೆ ಬಿದ್ದ ಮೇಲಷ್ಟೇ ಕಣ್ಣು ತೆರೆಯುತ್ತವೆ. ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಹಾನಿಯಾದ ಕಚ್ಚಾ ಮನೆಗೆ 4,000 ರೂಪಾಯಿ. 2019ರ ನೆರೆಯ ನಂತರ ಪೂರ್ತಿ ಹಾನಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ವರ್ಷವೂ ಸೋರುತ್ತ ಕುಸಿತದತ್ತ ಸಾಗುವ ಮಾಳಿಗೆ ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ.

ವಿಮೆ ಇದೆಯಲ್ಲ ಎನ್ನಬಹುದು. ದ್ರಾಕ್ಷಿ ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಹೊಸದಲ್ಲ. ಮನೆಗೂ 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಇದೆ. ಬೆಂಕಿ, ಬಿರುಗಾಳಿ, ನೆರೆ, ಭೂಕಂಪದ ಹಾನಿಗೆ ಅದು ರಕ್ಷಣೆ ಕೊಡುತ್ತದೆ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲೇಬೇಕು. ಆದರೆ ವಿಮೆ ನಿಂತಿರುವುದು ಆಕಸ್ಮಿಕದ ಮೇಲೆ. ಸವಕಳಿಯಿಂದ ನಿಧಾನವಾಗಿ ಆಗುವ ಸೋರಿಕೆಗೆ ಅದು ಹಣ ಕೊಡುವುದಿಲ್ಲ. ಜಂತಿ ಮೊದಲೇ ಕೊಳೆತಿತ್ತು ಎಂದು ಸರ್ವೇಯರ್ ಬರೆದರೆ ಕ್ಲೇಮು ಕಷ್ಟವೇ. ದುರಸ್ತಿಯಾದ ಮಾಳಿಗೆಯಿದ್ದರೇ ವಿಮೆಗೂ ಬೆಲೆ.

ಎಲ್ಲರೂ ಆರ್‌ಸಿಸಿ ಹಾಕಿಸಿಕೊಳ್ಳಲಿ ಎಂಬುದು ಇನ್ನೊಂದು ವಾದ. ಹಣವಿದ್ದವರು ಆಗಲೇ ಹಾಕಿಸಿದ್ದಾರೆ. ಉಳಿದವರು ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಬರುವವರೆಗೆ ತಾಡಪತ್ರಿ ಹೊದಿಸಿ ದಿನ ದೂಡಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಣ್ಣಿನ ಮನೆ ತಂಪೂ ಹೌದು. ಖಾಸಗಿ ಮನೆಗೆ ಸರ್ಕಾರದ ಹಣವೇಕೆ ಎಂಬ ಆಕ್ಷೇಪಕ್ಕೆ ಉತ್ತರ ಪರಿಹಾರದ ಮೊತ್ತದಲ್ಲೇ ಇದೆ: ಮನೆ ಬಿದ್ದರೆ ಹೇಗೂ ಲಕ್ಷಗಟ್ಟಲೆ ಕೊಡುತ್ತೇವೆ, ಗೋಡೆಯಡಿ ಜೀವ ಹೋದರೆ 4 ಲಕ್ಷ ಕೊಡುತ್ತೇವೆ. ಹೋದ ಜೀವ ಮಾತ್ರ ಮರಳುವುದಿಲ್ಲ.

ಹಣದ ದಾರಿಯೂ ಇದೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಹಾನಿ ತಗ್ಗಿಸುವ ಕೆಲಸಕ್ಕೇ ಮೀಸಲಿಟ್ಟಿತು. ಆ ದಾರಿಯಲ್ಲೇ ಮಾಳಿಗೆ ದುರಸ್ತಿಗೂ ಜಾಗ ಸಿಗಬೇಕು. ಪ್ರತಿ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿ ಎಂಜಿನಿಯರರನ್ನು ಕರೆದು ಮಣ್ಣಿನ ಮನೆಗಳನ್ನು ಪರಿಶೀಲಿಸಲಿ. ಹಳೆ ಮಣ್ಣು ಇಳಿಸಿ, ಕೊಳೆತ ಜಂತಿ ಬದಲಿಸಲು ಬಡ ಕುಟುಂಬಗಳಿಗೆ ನೆರವು ಕೊಡಲಿ. ಆ ತಪಾಸಣೆಯ ದಾಖಲೆ ಮುಂದೆ ವಿಮೆಗೂ ಆಧಾರವಾದೀತು.