ಗೃಹವಾರ್ತೆ: ಆಟದ ಯಂತ್ರವೂ ಕಾಳಸಂತೆಯೂ

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಕಡಿಮೆ ಬಂದ ವರ್ಷ ಧಾರಣೆ ಏರುವುದು, ಆ ಆಸೆಯಿಂದ ರೈತರು ಮುಂದಿನ ಹಂಗಾಮಿಗೆ ಹೆಚ್ಚು ಬೆಳೆಯುವರು, ಅಭಾವ ನೀಗುವುದು. ಹಾವೇರಿ, ರಾಣೇಬೆನ್ನೂರುಗಳ ಗೃಹಸ್ಥರೆಲ್ಲರೂ ಇದನ್ನು ಬಲ್ಲರು. ಆದರೆ ಮಕ್ಕಳು ಹಟಹಿಡಿದು ಬೇಡುವ ಆಟದ ಯಂತ್ರಗಳ ಜೀವಾಳವಾದ ‘ಚಿಪ್’ಗೆ ಈ ನ್ಯಾಯ ಸಲ್ಲದು. ಅದರ ಕಾರ್ಖಾನೆಯನ್ನು ಕಟ್ಟುವುದಕ್ಕೇ ವರ್ಷಗಳು ಬೇಕು. ಅತಿ ಸೂಕ್ಷ್ಮವಾದ ಚಿಪ್‌ಗಳಂತೂ ಬಹುಮಟ್ಟಿಗೆ ತೈವಾನ್ ದ್ವೀಪದಿಂದಲೇ ಬರತಕ್ಕವು.

2020ರಲ್ಲಿ ಕೋವಿಡ್ ಜಾಡ್ಯದಿಂದ ಜನರು ಮನೆಯೊಳಗೇ ಉಳಿದಾಗ, ಕಂಪ್ಯೂಟರು, ಆಟದ ಯಂತ್ರ ಎಲ್ಲಕ್ಕೂ ಒಮ್ಮೆಲೇ ಬೇಡಿಕೆ ಬಂದಿತು. ‘ಪ್ಲೇಸ್ಟೇಷನ್ 5’ ಭಾರತದಲ್ಲಿ ಮಾರಾಟಕ್ಕೆ ಬಂದುದು 2021ರ ಫೆಬ್ರವರಿ 2ರಂದು. ಬೆಲೆ 49,990 ರೂಪಾಯಿ. ಜನವರಿಯಲ್ಲಿ ಮುಂಗಡ ಕೊಳ್ಳಲು ಅವಕಾಶವಿತ್ತ ಕೆಲವೇ ನಿಮಿಷಗಳಲ್ಲಿ ಸರಕು ತೀರಿತು. ಕೊಂಡವರೆಲ್ಲರೂ ಆಡುವವರಲ್ಲ; ಬಚ್ಚಿಟ್ಟು ಅಧಿಕ ಬೆಲೆಗೆ ಮಾರುವವರೂ ಅವರೊಳಗಿದ್ದರು. ಪರದೇಶಗಳಲ್ಲಿ ಇಂಥವರು, ಮನುಷ್ಯನ ಬೆರಳಿಗಿಂತ ವೇಗವಾಗಿ ಕೊಳ್ಳುವ ತಂತ್ರಾಂಶಗಳನ್ನೇ ನೇಮಿಸಿದ್ದರು.

ಕಾದವರಿಗೆ ನಷ್ಟವಾಗಲಿಲ್ಲ. 2022ರ ನವೆಂಬರಿನಲ್ಲಿ ಬೆಲೆ 54,990ಕ್ಕೆ ಏರಿತಾದರೂ, ಸರಕು ಸಮೃದ್ಧವಾದ ಮೇಲೆ, 2023ರ ಜುಲೈಯಲ್ಲಿ 7,500 ರೂಪಾಯಿ ರಿಯಾಯಿತಿಯೊಡನೆ ಅದೇ ಯಂತ್ರ 47,490ಕ್ಕೆ ದೊರೆಯಿತು; ಮೊದಲಿನ ಬೆಲೆಗಿಂತಲೂ ಕಡಿಮೆ!

ಆದುದರಿಂದ ತಾಯ್ತಂದೆಗಳು ಎರಡು ಮಾತನ್ನು ನೆನಪಿಡತಕ್ಕದ್ದು. ಮುಚ್ಚಿದ ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವುದು 2011ರ ನಿಯಮಗಳಿಗೆ ವಿರುದ್ಧ. ರಸೀದಿಯಿಲ್ಲದೆ ಕೊಂಡ ಯಂತ್ರ ಕೆಟ್ಟರೆ ಕೇಳುವವರಿಲ್ಲ. ಬೆಳೆಯ ಹಣ ಕೈಗೆ ಬಂದ ಮನೆಯಲ್ಲಿ ಮಗುವಿನ ಹಟಕ್ಕೆ ಸೋಲುವುದು ಸುಲಭ. ಆದರೆ ಆ ಆತುರವೇ ಕಾಳಸಂತೆಯವನ ಬಂಡವಾಳ.