ಕಥೆಯಾಟದಲ್ಲಿ ಯಾವ ರಕ್ಕಸರಿರಬೇಕು?

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು ಆಡುವ ಕಥೆಯಾಟವೊಂದು ನಗರದ ಕೆಲವು ವಿದ್ಯಾರ್ಥಿಗಳಿಗೆ ಈಗ ಪರಿಚಿತವಾಗಿದೆ. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ವೀರ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸಿ ತಾವು ಮಾಡುವುದನ್ನು ಬಾಯಿಂದ ಹೇಳುತ್ತಾರೆ. ಫಲವನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ವೇಷವಿಲ್ಲದೆ ಕುಳಿತು, ಪಾತ್ರವೇ ತಾನಾಗಿ ಆಶುವಾಗಿ ಮಾತನಾಡುವ ಕಲೆ ಕನ್ನಡಿಗರಿಗೆ ಹೊಸದೇನಲ್ಲ. ಕರಾವಳಿಯ ತಾಳಮದ್ದಳೆಯೂ ಅದೇ. ಅಲ್ಲಿ ಕಥೆಯ ಕೊನೆ ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ, ಅಷ್ಟೇ ಭೇದ.

ಈ ಆಟಕ್ಕೆ 1977ರಲ್ಲಿ ರಾಕ್ಷಸರ ಕೋಶವೊಂದು ಹೊರಬಂದಿತು. ನೂರಾರು ಪ್ರಾಣಿ ಪಿಶಾಚಿಗಳು ಅದರಲ್ಲಿ ಅಕ್ಷರಾನುಕ್ರಮದಲ್ಲಿ ನಿಂತಿವೆ. ನಮ್ಮ ‘ರಾಕ್ಷಸ’ನೂ ಇದ್ದಾನೆ, ಆದರೆ ಹುಲಿಯ ತಲೆಯಿಟ್ಟುಕೊಂಡು! ರಾವಣನನ್ನೂ ಹಿಡಿಂಬನನ್ನೂ ಬಲ್ಲ ನಮ್ಮ ಮಕ್ಕಳು ಅವನನ್ನು ಗುರುತಿಸಲಾರರು. 1980ರ ಇನ್ನೊಂದು ಪುಸ್ತಕದಲ್ಲಿ ಇಂದ್ರಾದಿ ದೇವತೆಗಳಿಗೂ ಪ್ರಾಣಬಲದ ಅಂಕಗಳನ್ನು ಕೊಟ್ಟಿದ್ದಾರೆ. ಅಂಕ ಕೊಟ್ಟ ಮೇಲೆ ಯಾರನ್ನಾದರೂ ಸೋಲಿಸಬಹುದಷ್ಟೆ.

ಹೊರಗಿನದೆಂಬ ಕಾರಣದಿಂದ ನಾನು ಯಾವುದನ್ನೂ ತಳ್ಳುವವನಲ್ಲ. ಚಿನ್ನದ ರಾಶಿಯ ಮೇಲೆ ಮಲಗಿದ ಅವರ ಡ್ರ್ಯಾಗನ್ನಿಗೂ ನಿಧಿ ಕಾಯುವ ನಮ್ಮ ಸರ್ಪಕ್ಕೂ ನೆಂಟಸ್ತಿಕೆ ಇದ್ದಂತಿದೆ. ನನ್ನ ಆಕ್ಷೇಪವಿರುವುದು ಪಟ್ಟಿಯಿಂದ ಕಣ್ಣುಮುಚ್ಚಿ ಆರಿಸುವ ರೀತಿಯ ಬಗೆಗೆ. ತಾಳಮದ್ದಳೆಯಲ್ಲಿ ವಾಲಿಗೂ ರಾವಣನಿಗೂ ಒಬ್ಬ ಅರ್ಥಧಾರಿಯಿರುತ್ತಾನೆ. ಅವನು ತನ್ನ ಪಕ್ಷವನ್ನು ಸಾಧಿಸುತ್ತಾನೆ, ರಾಮನನ್ನೇ ಪ್ರಶ್ನಿಸುತ್ತಾನೆ. ಹಾಗೆ ಒಬ್ಬನು ಬಾಯಿ ಕೊಡಬಹುದಾದ ರಕ್ಕಸನೇ ಆಟಕ್ಕೆ ಯೋಗ್ಯನೆಂಬುದು ನನ್ನ ಅಭಿಮತ. ಬಾಗಿಲು ತೆರೆದೊಡನೆ ಎದುರಾಗಿ, ಹೊಡೆಸಿಕೊಂಡು ಬೀಳುವುದಷ್ಟೇ ಕೆಲಸವಾದವನು ರಕ್ಕಸನಲ್ಲ, ಮರದ ಗೊಂಬೆ.

ಬಕಾಸುರನನ್ನು ನೋಡಿ. ಏಕಚಕ್ರಪುರದೊಡನೆ ಅವನಿಗೊಂದು ಕರಾರುಂಟು: ಬಂಡಿ ತುಂಬ ಅನ್ನ, ಎರಡು ಕೋಣ, ಅವನ್ನು ತಂದ ಒಬ್ಬ ಮನುಷ್ಯ. ಅದಕ್ಕೆ ಪ್ರತಿಯಾಗಿ ಊರಿಗೆ ಬೇರೆ ಶತ್ರುಗಳ ಭಯವಿಲ್ಲ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡ ತಾನು ಹೋಗುವೆನೆನ್ನುತ್ತಾನೆ, ಹೆಂಡತಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ತೊದಲು ನುಡಿಯ ಹಸುಗೂಸು ಹುಲ್ಲುಕಡ್ಡಿಯೊಂದನ್ನು ಹಿಡಿದು ರಕ್ಕಸನನ್ನು ತಾನೇ ಕೊಲ್ಲುವೆನೆನ್ನುತ್ತದೆ. ಇಷ್ಟು ಹೊತ್ತಿಗೆ ರಕ್ಕಸನಿನ್ನೂ ಕಣ್ಣಿಗೇ ಬಿದ್ದಿಲ್ಲ! ಆಟಗಾರರು ಯೋಚಿಸಬೇಕಾದ ವಿಷಯವೆಷ್ಟು! ಕರಾರನ್ನು ಮುರಿದರೆ ನಾಳೆ ಊರನ್ನು ಕಾಯುವವರು ಯಾರು? ಕಾಯಲಾರದ ಅರಸನನ್ನು ಏನೆನ್ನಬೇಕು? ಭೀಮನಂತೆ ಬಂಡಿಯ ಅನ್ನವನ್ನೆಲ್ಲ ತಾವೇ ಉಂಡು ಅವನನ್ನು ಕೆಣಕುವುದು ಜಾಣತನವೇ? ಕೋಶದ ಐವತ್ತು ಪಿಶಾಚಿಗಳಿಗಿಂತ ಈತನೊಬ್ಬನು ಮೇಲು.

ಬ್ರಹ್ಮರಾಕ್ಷಸನೂ ಹಾಗೆಯೇ, ಓದಿ ಕೆಟ್ಟವನಾದುದರಿಂದ ಅವನೊಡನೆ ಕತ್ತಿಗಿಂತ ಮಾತು ಹೆಚ್ಚು ನಡೆಯುತ್ತದೆ. ಬೇತಾಳನ ಒಗಟುಗಳನ್ನು ಎಲ್ಲರೂ ಬಲ್ಲರು. ಇವರಿಗಿಂತ ಈಚಿನದೂ ಒಂದಿದೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ರಾತ್ರಿ ದೆವ್ವವನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ತೆಲುಗು ನಾಡಿನ ಗೋಡೆಗಳ ಮೇಲೆ ‘ಓ ಸ್ತ್ರೀ, ರೇಪು ರಾ’ ಎಂದಿತ್ತು. ಎರಡು ಲಿಪಿಗಳನ್ನೂ ಓದಬಲ್ಲ, ಓದಿದ ಮಾತಿಗೆ ವಿಧೇಯವಾಗಿ ನಡೆಯುವ ದೆವ್ವವು ಹೈದರಾಬಾದಿನ ಕನ್ನಡ ಮಕ್ಕಳಿಗಲ್ಲದೆ ಮತ್ತಾರಿಗೆ ಸಲ್ಲಬೇಕು?

ಇನ್ನು ಸೇರಿಸಬಾರದವರ ಮಾತು. ತುಳುನಾಡಿನಲ್ಲಿ ‘ಭೂತ’ವೆಂದರೆ ಪಿಶಾಚಿಯಲ್ಲ, ಪೂಜೆಗೊಳ್ಳುವ ದೈವ. ಪಂಜುರ್ಲಿಯ ಮುಂದೆ ನಿಂತು ಜನರು ತಮ್ಮ ಕಷ್ಟ ಹೇಳಿಕೊಂಡು ನ್ಯಾಯ ಕೇಳುತ್ತಾರೆ. 2022ರ ‘ಕಾಂತಾರ’ ಚಿತ್ರವನ್ನು ಕಂಡವರು ಅದರ ರೂಪಕ್ಕೆ ಮರುಳಾಗಿ ಆಟದ ಶತ್ರುವನ್ನಾಗಿ ಮಾಡಹೊರಟರೆ, ಪಕ್ಕದ ಬೆಂಚಿನಲ್ಲಿ ಕುಳಿತ ಮಂಗಳೂರಿನ ಗೆಳೆಯನ ಮನೆದೇವರಿಗೆ ದಾಳ ಎಸೆದಂತಾಯಿತು. ಹೆಸರನ್ನು ನಂಬಿ ನಡೆಯುವಂತಿಲ್ಲ. ಈ ನಗರದ ಉರ್ದು ಮಾತಿನಲ್ಲಿ ಹೇಳುವ ಅಮೀರ್ ಹಂಜಾ ಕಥೆಗಳಲ್ಲಿ ‘ದೇವ್’ ಎಂದರೆ ದೈತ್ಯ. ನಮ್ಮಲ್ಲಿ ದೇವ ಪೂಜ್ಯನು. ಒಂದು ಮನೆಯ ದೇವರು ಇನ್ನೊಂದು ಮನೆಯ ಕಥೆಯಲ್ಲಿ ರಕ್ಕಸನಾದುದುಂಟು.

ಹಾಗೆಯೇ ಒಂದು ಕುಲಕ್ಕೆ ಕುಲವನ್ನೇ ದುಷ್ಟವೆಂದು ಬರೆದಿಡುವುದೂ ಸಲ್ಲದು. ಹಿಡಿಂಬನು ಕಾಡಿನಲ್ಲಿ ಪಾಂಡವರನ್ನು ತಿನ್ನಬಂದನು. ಅವನ ತಂಗಿ ಭೀಮನನ್ನು ವರಿಸಿದಳು. ಆಕೆಯ ಮಗ ಘಟೋತ್ಕಚನು ಕುರುಕ್ಷೇತ್ರದಲ್ಲಿ ಪಾಂಡವರಿಗಾಗಿ ಪ್ರಾಣ ಕೊಟ್ಟನು. ಮೂವರದೂ ಒಂದೇ ರಕ್ತ. ಅಮೆರಿಕದ ಆಟದವರೂ ಬಹುಕಾಲ ಓರ್ಕ್ ಎಂಬ ಜನಾಂಗವನ್ನು ಹುಟ್ಟಿನಿಂದಲೇ ಕೆಟ್ಟದ್ದೆಂದು ಚಿತ್ರಿಸಿ, 2020ರಲ್ಲಿ ಆ ರೀತಿಯನ್ನು ತಿದ್ದುವುದಾಗಿ ಪ್ರಕಟಿಸಿದರು. ‘ಆಟವಷ್ಟೇ, ಇದಕ್ಕೆ ಇಷ್ಟು ವಿಚಾರವೇಕೆ?’ ಎಂದು ಕೆಲವರು ಕೇಳಬಹುದು. ವಿಚಾರಿಸದೆ ಯಾರನ್ನು ಕೊಲ್ಲಬಹುದೆಂಬುದರ ಪಟ್ಟಿ ಅದು. ಹದಿಮೂರು ವರ್ಷದ ಹುಡುಗನು ಅದನ್ನು ಪಾಠಕ್ಕಿಂತ ಬೇಗ ಬಾಯಿಪಾಠ ಮಾಡುತ್ತಾನೆ.

ಬರುವ ಬೇಸಿಗೆ ರಜೆಯಲ್ಲಿ ಆಡುವವರು ಏಕಚಕ್ರಪುರದಿಂದಲೇ ತೊಡಗಲಿ. ಸೂತ್ರಧಾರನು ಬಕನ ಅರ್ಥವನ್ನು ಮೊದಲೇ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿರಲಿ. ಬಂಡಿ ಹೊಡೆದುಕೊಂಡು ಹೋಗುವವರು ಯಾರೆಂಬುದನ್ನು ಮಾತ್ರ ದಾಳಕ್ಕೆ ಬಿಡದೆ, ಮೇಜಿನ ಸುತ್ತ ಕುಳಿತವರು ತಾವೇ ಚರ್ಚಿಸಿ ಗೊತ್ತುಮಾಡಿಕೊಳ್ಳಲಿ.