ಕಡಲತಡಿಯ ಸೈಟಿಗೆ ಮೊದಲು ನೀರಿನ ಲೆಕ್ಕ

ಅಮೆರಿಕದಲ್ಲಿರುವ ಮಗ-ಸೊಸೆ ರಜೆಗೆ ಮೆಕ್ಸಿಕೊಗೆ ಹೊರಟಿದ್ದಾರೆ ಎಂದರೆ ಊರಿನಲ್ಲಿರುವ ಹಿರಿಯರ ಎದೆ ಧಸಕ್ಕೆನ್ನುತ್ತದೆ. ಟಿ.ವಿ. ಸುದ್ದಿಯಲ್ಲಿ ಕಾಣುವ ಮೆಕ್ಸಿಕೊ ಹಾಗಿರುತ್ತದೆ, ತಪ್ಪೇನಿಲ್ಲ. ಆದರೆ ಸ್ಯಾನ್ ಡಿಯಾಗೊದಲ್ಲಿರುವ ನಾವು ಕೆಲವು ಕನ್ನಡ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಹೋಗಿಬರುವ ಊರು ಬೇರೆಯದೇ. ಅದರ ಹೆಸರು ತೊದೋಸ್ ಸಾಂತೋಸ್. ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಭಾರತೀಯ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊದ ವೀಸಾ ಪ್ರತ್ಯೇಕವಾಗಿ ಬೇಕಿಲ್ಲ. ಸಾನ್ ಹೊಸೆ ದೆಲ್ ಕಾಬೊ ವಿಮಾನ ನಿಲ್ದಾಣದಲ್ಲಿ ಇಳಿದು ಕಾರು ಹಿಡಿದರೆ ಒಂದೂವರೆ ಗಂಟೆಯ ದಾರಿ.

ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದ ತುದಿಯ ಹತ್ತಿರ, ಕರ್ಕಾಟಕ ಸಂಕ್ರಾಂತಿ ವೃತ್ತದ ಆಸುಪಾಸಿನಲ್ಲಿ ಈ ಊರಿದೆ. ಒಂದು ಕಡೆ ಪೆಸಿಫಿಕ್ ಸಾಗರ, ಉಳಿದ ಕಡೆ ಮರದೆತ್ತರದ ಕಳ್ಳಿಗಳ ಮರುಭೂಮಿ. ಜನಸಂಖ್ಯೆ ಸುಮಾರು 7 ಸಾವಿರ. ಹಳೆಯ ಇಟ್ಟಿಗೆ ಮನೆಗಳಲ್ಲಿ ಚಿತ್ರಕಲಾ ಗ್ಯಾಲರಿಗಳು, ಬೀದಿಗೆ ಅಡ್ಡಲಾಗಿ ಬಣ್ಣದ ಕಾಗದದ ತೋರಣಗಳು. ಪಕ್ಕದ ಪೆಸ್ಕಾದೆರೊ ಬಳಿಯ ಲಾಸ್ ಸೆರಿತೋಸ್ ಕಡಲತೀರದಲ್ಲಿ ಹೊಸಬರೂ ಹಲಗೆ ಹಿಡಿದು ಅಲೆಯೇರುವುದನ್ನು ಕಲಿಯಬಹುದು. ಬೇರೆ ಕಡೆಗಳಲ್ಲಿ ಸೆಳೆತ ಜೋರು, ಮಕ್ಕಳನ್ನು ನೀರಿಗೆ ಬಿಡುವಂತಿಲ್ಲ. ಚಳಿಗಾಲದಲ್ಲಿ ದಡದಿಂದಲೇ ತಿಮಿಂಗಿಲಗಳು ಕಾಣುತ್ತವೆ. ಸಂಜೆ ಸ್ವಯಂಸೇವಕರು ಆಲಿವ್ ರಿಡ್ಲಿ ಆಮೆಮರಿಗಳನ್ನು ಕಡಲಿಗೆ ಬಿಡುತ್ತಾರೆ. ನಮ್ಮ ಹೊನ್ನಾವರದ ದಂಡೆಯಲ್ಲಿ ಮೊಟ್ಟೆಯಿಡುವುದೂ ಇದೇ ಜಾತಿಯ ಆಮೆ.

ಮರುಭೂಮಿಯ ನಡುವೆ ಇಲ್ಲಿ ಮಾವು, ತಾಳೆಮರ ಹೇಗೆ ಎಂಬ ಪ್ರಶ್ನೆ ಮಕ್ಕಳಿಗೂ ಬರುತ್ತದೆ. ಉತ್ತರ, ಪೂರ್ವಕ್ಕಿರುವ ಸಿಯೆರ್ರಾ ದೆ ಲಾ ಲಗೂನಾ ಬೆಟ್ಟಸಾಲು. ಅಲ್ಲಿ ಸುರಿದ ಮಳೆ ನೆಲದೊಳಗೆ ಹರಿದು ಇಲ್ಲಿ ಒರತೆಯಾಗುತ್ತದೆ. ಆ ನೀರನ್ನು ನಂಬಿ 1723ರಲ್ಲಿ ಸ್ಪೇನಿನ ಪಾದ್ರಿಗಳು ನೆಲೆಯೂರಿದರು. ಅದೇ ನೀರಿನಿಂದ 19ನೇ ಶತಮಾನದಲ್ಲಿ ಊರು ಕಬ್ಬು ಬೆಳೆದು, ಗಾಣ ಆಡಿಸಿ ಸಿರಿವಂತವಾಯಿತು. ಇಂದು ನಾವು ಫೋಟೊ ತೆಗೆಸಿಕೊಳ್ಳುವ ಚೆಂದದ ಕಟ್ಟಡಗಳಲ್ಲಿ ಹಲವು ಆ ಸಕ್ಕರೆಯ ದುಡ್ಡಿನವು. 1950ರಲ್ಲಿ ಒರತೆ ಬತ್ತಿತು. ಗಾಣಗಳು ಒಂದೊಂದಾಗಿ ನಿಂತು, 1965ರಲ್ಲಿ ಕೊನೆಯದೂ ಮುಚ್ಚಿತು. ನೀರು ಮರಳಿದ್ದು 1981ರಲ್ಲಿ. ಅದೇ ದಶಕದ ಮಧ್ಯದಲ್ಲಿ ಡಾಂಬರು ರಸ್ತೆ ಬಂತು, ರಸ್ತೆಯ ಹಿಂದೆ ಅಮೆರಿಕದ ಕಲಾವಿದರು ಬಂದರು. 2006ರಲ್ಲಿ ಸರ್ಕಾರ ಇದನ್ನು ‘ಮಾಂತ್ರಿಕ ಊರು’ಗಳ ಪಟ್ಟಿಗೆ ಸೇರಿಸಿತು. ಈಗ ಮುಖ್ಯ ಬೀದಿಯಲ್ಲಿ ಗ್ಯಾಲರಿಗಳ ಜತೆಗೆ ಜಮೀನು ದಲ್ಲಾಳಿಗಳ ಬೋರ್ಡುಗಳೂ ಇವೆ.

ನಮ್ಮ ಮಾತು ಇರುವುದು ಈ ಬೋರ್ಡುಗಳ ಬಗ್ಗೆ. ಲೆಕ್ಕಪತ್ರ ನಮ್ಮ ಕಸುಬಾದ್ದರಿಂದ ಅಲ್ಲಿಗೆ ಹೋಗಿಬಂದ ಸ್ನೇಹಿತರು, ‘ಒಂದು ಸೈಟು ಹಾಕಿಬಿಡೋಣವೇ?’ ಎಂದು ಕೇಳುತ್ತಾರೆ. ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಮೆಕ್ಸಿಕೊ ಸಂವಿಧಾನದ ಪ್ರಕಾರ ಕರಾವಳಿಯಿಂದ 50 ಕಿ.ಮೀ. ಒಳಗೆ ವಿದೇಶಿಯರು ನೇರವಾಗಿ ಜಮೀನಿನ ಒಡೆಯರಾಗುವಂತಿಲ್ಲ. ಬ್ಯಾಂಕೊಂದು 50 ವರ್ಷದ ಟ್ರಸ್ಟ್ ಮಾಡಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ, ವರ್ಷವರ್ಷ ಶುಲ್ಕ ಪಡೆಯುತ್ತದೆ. ಅದು ಕಾನೂನಿನ ದಾರಿ. ಇನ್ನೊಂದು ಅಡ್ಡದಾರಿ, ಸ್ಥಳೀಯನೊಬ್ಬನ ಹೆಸರಿನಲ್ಲಿ ಕೊಳ್ಳುವುದು. ಅಂಥವನಿಗೆ ಅಲ್ಲಿ ‘ಪ್ರೆಸ್ತಾನೋಂಬ್ರೆ’ ಎನ್ನುತ್ತಾರೆ, ಅಂದರೆ ಹೆಸರು ಸಾಲ ಕೊಟ್ಟವನು. ನಮ್ಮ ಭಾಷೆಯಲ್ಲಿ ಬೇನಾಮಿ. ಜತೆಗೆ ‘ಎಜಿದೊ’ ಎಂಬ ರೈತರ ಸಾಮೂಹಿಕ ಜಮೀನುಗಳಿವೆ. ಅವುಗಳ ಹಕ್ಕು ವಿಧಿಪ್ರಕಾರ ಖಾಸಗಿಯಾಗುವ ಮೊದಲೇ ಕಾಸು ಕೊಟ್ಟವರು ಕೋರ್ಟು ಅಲೆಯಬೇಕಾಗುತ್ತದೆ.

ಇದು ಕಾಗದದ ಲೆಕ್ಕವಾಯಿತು. ನೀರಿನ ಲೆಕ್ಕ ಇನ್ನೂ ದೊಡ್ಡದು. ಒಮ್ಮೆ ಬತ್ತಿದ ಒರತೆಯ ಊರಿನಲ್ಲಿ ಈಜುಕೊಳಗಳು ಹೆಚ್ಚುತ್ತಿವೆ, ಹಿಂದಿನ ಓಣಿಗಳಿಗೆ ಟ್ಯಾಂಕರ್ ನೀರು ಹೋಗುತ್ತಿದೆ. ಪುಂತಾ ಲೋಬೋಸ್ ತೀರದಲ್ಲಿ ಮೀನುಗಾರರು ಅಲೆ ನೋಡಿಕೊಂಡು ದೋಣಿಯನ್ನು ಭರ್ರನೆ ಮರಳಿನ ಮೇಲೇ ಏರಿಸುವುದನ್ನು ನೋಡಲು ನಾವೆಲ್ಲ ಸಾಲುಗಟ್ಟಿ ನಿಲ್ಲುತ್ತೇವೆ. ಪಕ್ಕದಲ್ಲಿ ಎದ್ದ ಪ್ರವಾಸಿ ಬಡಾವಣೆಯ ತಡೆಗೋಡೆಯಿಂದ ದೋಣಿ ಎಳೆಯುವ ಮರಳೇ ಕೊಚ್ಚಿಹೋಗುತ್ತಿದೆ ಎಂದು 2016ರಲ್ಲಿ ಅದೇ ಮೀನುಗಾರರು ರಸ್ತೆಗೆ ಅಡ್ಡ ಕುಳಿತಿದ್ದರು. ಹೊಟೇಲಿನಲ್ಲಿ ನಮಗೆ ಊಟ ಬಡಿಸುವ, ಗಾರೆ ಕೆಲಸ ಮಾಡುವ ಅನೇಕರು ಓಹಾಕ, ಗೆರೆರೊದಂಥ ದಕ್ಷಿಣದ ರಾಜ್ಯಗಳಿಂದ ದುಡಿಯಲು ಬಂದವರು. ತಿಂಗಳ ಕೊನೆಗೆ ಅವರೂ ಊರಿಗೆ ದುಡ್ಡು ಕಳಿಸುತ್ತಾರೆ, ನಮ್ಮ ಹಾಗೆಯೇ. ಬಾಡಿಗೆ ಏರಿದಷ್ಟೂ ಆ ದುಡ್ಡು ಕಡಿಮೆಯಾಗುತ್ತದೆ.

ಈ ಮಾತನ್ನು ಕರ್ನಾಟಕದಲ್ಲಿ ಓದುವವರಿಗೆ ಹೇಳಲು ಕಾರಣವಿದೆ. ಗೋಕರ್ಣದಿಂದ ಸಸಿಹಿತ್ಲುವಿನವರೆಗೆ ನಮ್ಮ ಕರಾವಳಿಯೂ ಇದೇ ದಾರಿಯಲ್ಲಿದೆ. ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆಯುತ್ತವೆ, ಅದು ಹೆಮ್ಮೆಯ ವಿಷಯ. ಆದರೆ ಅಲೆಯ ಹಿಂದೆಯೇ ದಲ್ಲಾಳಿ ಬರುತ್ತಾನೆ, ಅವನ ಮೊದಲ ಫೋನು ಹೊರದೇಶದಲ್ಲಿರುವ ಮಗನಿಗೆ. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಸರಿ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆ ಸಡಿಲವಾದರೂ ವಿದೇಶಿ ವಿನಿಮಯ ಕಾಯ್ದೆಯ ಈ ತಡೆ ಹಾಗೆಯೇ ಇದೆ. ‘ಭಾವನ ಹೆಸರಲ್ಲಿ ಮಾಡಿದರಾಯಿತು’ ಎನ್ನುವವರು ಬೇನಾಮಿ ಕಾಯ್ದೆಯನ್ನೂ ನೆನಪಿಟ್ಟುಕೊಳ್ಳಲಿ. ಉಬ್ಬರದ ರೇಖೆಯಿಂದ 500 ಮೀಟರ್ ಒಳಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ.

ತೊದೋಸ್ ಸಾಂತೋಸ್‌ಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗಿ, ನಾಲ್ಕು ದಿನ ಇರಿ, ಊರಿನವರ ಅಂಗಡಿಯಲ್ಲಿ ತಿನ್ನಿ, ಅಲ್ಲಿಯ ಕಲಾವಿದರ ಚಿತ್ರ ಕೊಳ್ಳಿ, ಸ್ನಾನದ ನೀರು ಹಿಡಿದು ಬಳಸಿ. ಆ ದುಡ್ಡು ಊರಿನಲ್ಲೇ ಉಳಿಯುತ್ತದೆ. ವರ್ಷದಲ್ಲಿ ಹತ್ತು ದಿನ ಬೀಗ ತೆಗೆಯುವ ಮನೆಯಿಂದ ಅಲ್ಲಿಯವರಿಗೂ ನಮಗೂ ಅಂಥ ಲಾಭವಿಲ್ಲ.

ಊರಿನಲ್ಲಿರುವ ಅಪ್ಪ-ಅಮ್ಮಂದಿರಿಗೆ ನಮ್ಮದೊಂದು ವಿನಂತಿ. ಕಡಲ ಪಕ್ಕ ಸೈಟು ನೋಡಿ ಬನ್ನಿ ಎಂದು ಮಗನೋ ಮಗಳೋ ಫೋನು ಮಾಡಿದರೆ ಹೋಗಿ ನೋಡಿ. ಆದರೆ ಮಳೆಗಾಲದಲ್ಲಿ ಬೇಡ, ಏಪ್ರಿಲ್‌ನಲ್ಲಿ ಹೋಗಿ. ದಲ್ಲಾಳಿಯನ್ನು ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿ, ಬಾವಿಯ ನೀರು ಈಗ ಸಿಹಿಯೋ ಉಪ್ಪೋ ಎಂದು ಕೇಳಿ.